ಅಧ್ಯಕ್ಷರ ಸಹಿಯೂ ಗ್ರೀನ್ ಕಾರ್ಡಿನ ಸರದಿಯೂ

ಅಮೆರಿಕದಲ್ಲಿ ವಲಸೆ ಕಾನೂನಿನ ವಕೀಲಿಕೆ ಮಾಡುವ ನನ್ನಂಥವರಿಗೆ ಅಧ್ಯಕ್ಷೀಯ ಚುನಾವಣೆ ಮುಗಿದ ಮಾರನೆಯ ದಿನದಿಂದಲೇ ಒಂದೇ ಪ್ರಶ್ನೆ ಹಲವು ಬಾಯಿಗಳಿಂದ ಬರತೊಡಗುತ್ತದೆ: ಹೊಸ ಅಧ್ಯಕ್ಷರು ಬಂದರಲ್ಲ, ಇನ್ನಾದರೂ ನಮ್ಮ ಗ್ರೀನ್ ಕಾರ್ಡ್ ಬೇಗ ಆದೀತೇ? ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು, ದಾವಣಗೆರೆಗಳಲ್ಲಿ ಎಂಜಿನಿಯರಿಂಗ್ ಓದಿ, ಪರಿಣತ ನೌಕರರಿಗೆ ಕೊಡುವ ತಾತ್ಕಾಲಿಕ ಎಚ್-1ಬಿ ವೀಸಾದಲ್ಲಿ ಇಲ್ಲಿಗೆ ಬಂದು, ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿಗಾಗಿ ಹತ್ತು ಹನ್ನೆರಡು ವರ್ಷಗಳಿಂದ ಸರದಿಯಲ್ಲಿ ನಿಂತವರು. ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಅಧ್ಯಕ್ಷರು ಅವರ ಬದುಕನ್ನು ಒಂದು ರಾತ್ರಿಯಲ್ಲಿ ತಲೆಕೆಳಗು ಮಾಡಬಲ್ಲರು, ಒಂದಿಷ್ಟು ಅನುಕೂಲವನ್ನೂ ಮಾಡಿಕೊಡಬಲ್ಲರು. ಆದರೆ ಆ ಸರದಿಯನ್ನು ಕರಗಿಸುವ ಅಧಿಕಾರ ಅವರಿಗಿಲ್ಲ.

ಸರದಿ ಹುಟ್ಟಿದ್ದು 1990ರ ವಲಸೆ ಕಾಯ್ದೆಯಿಂದ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳನ್ನು ಕೊಡಬಹುದು, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು ಎಂದು ಆ ಕಾಯ್ದೆ ಗೊತ್ತುಮಾಡಿತು. ಅರ್ಜಿದಾರರ ಸಂಗಾತಿ ಮತ್ತು ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಬೇರೆ ದೇಶಗಳವರು ಬಳಸದೆ ಬಿಟ್ಟದ್ದರಲ್ಲಿ ಒಂದಿಷ್ಟು ಭಾರತೀಯರಿಗೆ ಸಿಗುವುದುಂಟು; ಆದರೂ 2025ರ ಅಕ್ಟೋಬರ್ ತಿಂಗಳ, ಯಾರ ಪಾಳಿ ಬಂತೆಂದು ತಿಳಿಸುವ ಸರ್ಕಾರಿ ವೀಸಾ ಬುಲೆಟಿನ್‌ನಲ್ಲಿ ಇಬಿ-2 ಎಂಬ, ಉನ್ನತ ಪದವಿ ಪಡೆದವರ ವರ್ಗದ ಭಾರತೀಯರ ದಿನಾಂಕ 2013ರ ಏಪ್ರಿಲ್ 1 ಎಂದಿತ್ತು. ಅಂದರೆ ಹನ್ನೆರಡು ವರ್ಷಗಳಿಗೂ ಹಿಂದೆ ಸರದಿಗೆ ಸೇರಿದವರ ಪಾಳಿ ಆಗಷ್ಟೇ ಬಂದಿತ್ತು. ಈ ಕಾಯ್ದೆಗೆ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಹಿರಿಯ ಜಾರ್ಜ್ ಬುಷ್, ಅಂಗೀಕರಿಸಿದ್ದು ಡೆಮಾಕ್ರಟಿಕ್ ಪಕ್ಷದ ಬಹುಮತವಿದ್ದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ಅಂಥ ಹೊಂದಾಣಿಕೆ ಈ ವಿಷಯದಲ್ಲಿ ಮತ್ತೆ ಕೈಗೂಡಿಲ್ಲ. ಆ ಎರಡು ಅಂಕಿಗಳೂ ಇಂದಿಗೂ ಹಾಗೆಯೇ ಇವೆ.

ನಮ್ಮ ಸಂಸತ್ತಿನ ರೀತಿ ಕಂಡವರಿಗೆ ಇದು ವಿಚಿತ್ರವೆನಿಸುತ್ತದೆ. ಭಾರತದಲ್ಲಿ ಪ್ರಧಾನಿಗೆ ಲೋಕಸಭೆಯ ಬೆಂಬಲವಿದ್ದೇ ಇರಬೇಕು, ಪಕ್ಷದ ವಿಪ್ ಮೀರಿದ ಸದಸ್ಯರು ಸ್ಥಾನ ಕಳೆದುಕೊಳ್ಳಬಹುದು. ಅಮೆರಿಕದ ಅಧ್ಯಕ್ಷರಿಗೆ ಇವೆರಡೂ ಇಲ್ಲ. ಅವರ ಪಕ್ಷಕ್ಕೆ ಯಾವ ಸದನದಲ್ಲಿಯೂ ಬಹುಮತ ಇಲ್ಲದಿರಬಹುದು, ಇದ್ದರೂ ತಮ್ಮವರನ್ನೇ ಕಟ್ಟಿಹಾಕುವ ಕಾನೂನು ಅವರ ಕೈಯಲ್ಲಿಲ್ಲ. ಇದರ ಮೇಲೆ, ಮೇಲ್ಮನೆಯಾದ ಸೆನೆಟ್‌ನ ನಿಯಮವೊಂದಿದೆ. ಚರ್ಚೆಯನ್ನು ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಬೇಕಾದರೆ 100 ಸದಸ್ಯರಲ್ಲಿ 60 ಮಂದಿ ಒಪ್ಪಬೇಕು. ಫಿಲಿಬಸ್ಟರ್ ಎಂದು ಕರೆಯುವ ಈ ತಡೆ ಸಂವಿಧಾನದಲ್ಲಿಲ್ಲ, ಸೆನೆಟ್ ತಾನೇ ಮಾಡಿಕೊಂಡದ್ದು. ಬಜೆಟ್‌ಗೆ ಸಂಬಂಧಿಸಿದ ವಿಷಯಗಳನ್ನು ಸರಳ ಬಹುಮತದಿಂದ ಪಾರುಮಾಡುವ ಒಳದಾರಿಯೊಂದುಂಟು. ಬೈಡನ್ ಅವರ ಪಕ್ಷದವರು 2021ರಲ್ಲಿ ದಾಖಲೆಯಿಲ್ಲದ ವಲಸಿಗರಿಗೆ ರಕ್ಷಣೆ ಕೊಡುವ ಅಂಶಗಳನ್ನು ಆ ದಾರಿಯಲ್ಲಿ ಸಾಗಿಸಲು ಮೂರು ಸಲ ಯತ್ನಿಸಿದಾಗ, ಇದು ಬಜೆಟ್ ವಿಷಯವಲ್ಲವೆಂದು ಸೆನೆಟ್‌ನ ನಿಯಮಾಧಿಕಾರಿ ಮೂರು ಸಲವೂ ತಳ್ಳಿಹಾಕಿದರು.

ಅಧ್ಯಕ್ಷರು ಮನಸ್ಸು ಮಾಡಿದರೆ ಆಗುತ್ತದೆ ಎನ್ನುವವರಿಗೆ ನಾನು 2007 ಮತ್ತು 2013ನ್ನು ನೆನಪಿಸುತ್ತೇನೆ. ಕಿರಿಯ ಬುಷ್ ನಿಜವಾಗಿಯೂ ಮನಸ್ಸು ಮಾಡಿದ್ದರು. 2007ರ ಜೂನ್‌ನಲ್ಲಿ ಅವರ ಬೆಂಬಲವಿದ್ದ ವಲಸೆ ಸುಧಾರಣೆಯ ಮಸೂದೆಗೆ ಸೆನೆಟ್‌ನಲ್ಲಿ ಸಿಕ್ಕಿದ್ದು 46 ಮತ, ಅದನ್ನು ಕೆಡವಿದವರಲ್ಲಿ ಸ್ವಂತ ಪಕ್ಷದವರೇ ಹೆಚ್ಚು. ಒಬಾಮ ಬೇರೆ ದಾರಿ ಹಿಡಿದರು. ತಾವು ಮುಂದೆ ನಿಂತರೆ ರಿಪಬ್ಲಿಕನ್ನರು ಹಿಂದೆ ಸರಿಯುತ್ತಾರೆಂದು ಅರಿತು, 2013ರಲ್ಲಿ ತಮ್ಮ ಮಸೂದೆಯನ್ನು ಬದಿಗಿಟ್ಟು ಎರಡೂ ಪಕ್ಷಗಳ ಎಂಟು ಸೆನೆಟರುಗಳ ಗುಂಪಿಗೆ ಜಾಗ ಬಿಟ್ಟರು. ಫಲವಾಗಿ 14 ರಿಪಬ್ಲಿಕನ್ನರೂ ಸೇರಿ 68-32 ಮತಗಳಿಂದ ಆ ಗುಂಪಿನ ಮಸೂದೆ ಸೆನೆಟ್‌ನಲ್ಲಿ ಅಂಗೀಕಾರವಾಯಿತು, ಅದರಲ್ಲಿ ಉದ್ಯೋಗ ವರ್ಗದ ದೇಶವಾರು ಮಿತಿಯನ್ನು ತೆಗೆದುಹಾಕುವ ಅಂಶವೂ ಇತ್ತು. ಆದರೆ ಕೆಳಮನೆಯಾದ ಜನಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್, ತಮ್ಮ ಪಕ್ಷದ ಬಹುಪಾಲು ಸದಸ್ಯರು ಒಪ್ಪದ ಮಸೂದೆಯನ್ನು ಮತಕ್ಕೆ ಹಾಕುವುದಿಲ್ಲವೆಂದರು. ಮರುವರ್ಷ ಜೂನ್‌ನಲ್ಲಿ ಆ ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್, ವಲಸೆಯ ಬಗ್ಗೆ ಮೃದುವಾಗಿದ್ದಾರೆಂಬ ಟೀಕೆಯ ನಡುವೆ, ತಮ್ಮ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲೇ ಸೋತುಹೋದರು. ವಿಪ್ ಮೀರಿದರೂ ಸ್ಥಾನ ಹೋಗದ ಈ ವ್ಯವಸ್ಥೆಯಲ್ಲಿ ಸದಸ್ಯರನ್ನು ಗೆರೆ ದಾಟದಂತೆ ಹಿಡಿದಿಡುವುದು ಈ ಭಯವೇ. ಶ್ವೇತಭವನದ ಯಾವ ಭಾಷಣಕ್ಕೂ ಅದಕ್ಕಿರುವಷ್ಟು ಬಲವಿಲ್ಲ.

ನಮ್ಮ ಜನರ ಮಟ್ಟಿಗೆ ಗುರಿಗೆ ತೀರ ಹತ್ತಿರ ಬಂದ ಮಸೂದೆ ಎಂದರೆ 2019ರದ್ದು. ಅದರ ಮುಖ್ಯ ಅಂಶ ಇದು: ಉದ್ಯೋಗ ವರ್ಗದಲ್ಲಿ ದೇಶವಾರು ಮಿತಿಯನ್ನು ತೆಗೆದು, ಮೊದಲು ಬಂದವರಿಗೆ ಮೊದಲು ಕೊಡುವುದು. ಆ ಜುಲೈನಲ್ಲಿ ಜನಪ್ರತಿನಿಧಿ ಸಭೆ ಅದನ್ನು 365-65 ಮತಗಳಿಂದ ಒಪ್ಪಿತು. ಸೆನೆಟ್‌ನಲ್ಲಿ ಅದನ್ನು ಮಂಡಿಸಿದವರು ಯೂಟಾದ ಸಂಪ್ರದಾಯವಾದಿ ರಿಪಬ್ಲಿಕನ್ ಮೈಕ್ ಲೀ ಮತ್ತು ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ಕಮಲಾ ಹ್ಯಾರಿಸ್. ಯಾವ ಅಧ್ಯಕ್ಷರೂ ಅದನ್ನು ತಮ್ಮದೆಂದು ಹೇಳಿಕೊಂಡಿರಲಿಲ್ಲ. ಅದು ಅಷ್ಟು ದೂರ ಬಂದದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ಎಣಿಕೆ. ಲೀ ಅವರು ಸರ್ವಾನುಮತದ ದಾರಿ ಹಿಡಿದರು. ಅಲ್ಲಿ ಒಬ್ಬರು ಬೇಡವೆಂದರೂ ಸಾಕು. ದಾದಿಯರಿಗೆ ಪ್ರತ್ಯೇಕ ಪಾಲು ಬೇಕೆಂದು ಸೆನೆಟರ್ ರ‍್ಯಾಂಡ್ ಪಾಲ್ ತಡೆದರು. ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಮಿತಿ ತೆಗೆದರೆ ಉಳಿದ ದೇಶಗಳವರಿಗೆ ಅನ್ಯಾಯವೆಂದು, ವಲಸಿಗರ ಪರವೆಂದೇ ಹೆಸರಾದ ಡಿಕ್ ಡರ್ಬಿನ್ ತಡೆದರು. ಆಮೇಲೆ ರಿಕ್ ಸ್ಕಾಟ್. ಒಬ್ಬೊಬ್ಬರಿಗೂ ಒಂದೊಂದು ತಿದ್ದುಪಡಿ ಕೊಡುತ್ತ 2020ರ ಡಿಸೆಂಬರ್ 2ರಂದು ಸೆನೆಟ್ ಅದನ್ನು ಒಪ್ಪಿದಾಗ, ಅದು ಕೆಳಮನೆ ಒಪ್ಪಿದ್ದ ಮಸೂದೆಯಾಗಿ ಉಳಿದಿರಲಿಲ್ಲ. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಕಾಂಗ್ರೆಸ್‌ನ ಅವಧಿ ಮುಗಿಯಿತು. ಎರಡೂ ಸದನಗಳು ಒಪ್ಪಿದ ಆಶಯವೊಂದು ಕಾನೂನಾಗದೆ ಹೋಯಿತು.

ದಾರಿ ಹೀಗೆ ಮುಚ್ಚಿಕೊಂಡಾಗ ಅಧ್ಯಕ್ಷರು ಲೇಖನಿ ಎತ್ತಿಕೊಳ್ಳುತ್ತಾರೆ. ಬಾಲ್ಯದಲ್ಲಿ ಕರೆತರಲ್ಪಟ್ಟ ದಾಖಲೆಯಿಲ್ಲದ ಯುವಜನರಿಗೆ ಒಬಾಮ 2012ರಲ್ಲಿ ಕೊಟ್ಟ ರಕ್ಷಣೆಯನ್ನು ಟ್ರಂಪ್ 2017ರಲ್ಲಿ ಹಿಂಪಡೆದರು, ಸುಪ್ರೀಂ ಕೋರ್ಟ್ 2020ರಲ್ಲಿ ಆ ಹಿಂಪಡೆತವನ್ನು ರದ್ದುಮಾಡಿತು. ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿರುವ ಎಚ್-1ಬಿ ನೌಕರರ ಸಂಗಾತಿಗಳಿಗೆ ಕೆಲಸ ಮಾಡಲು 2015ರಲ್ಲಿ ಸಿಕ್ಕ ಅನುಮತಿಯೂ ಆಡಳಿತದ ನಿಯಮವೇ ಹೊರತು ಕಾಂಗ್ರೆಸ್ಸಿನ ಕಾಯ್ದೆಯಲ್ಲ. ಭಾರತದ ಸುಗ್ರೀವಾಜ್ಞೆಯಾದರೆ ಸಂಸತ್ತು ಮತ್ತೆ ಸೇರಿದ ಆರು ವಾರಗಳೊಳಗೆ ಅದರ ಒಪ್ಪಿಗೆ ಪಡೆಯಬೇಕು, ಇಲ್ಲವೇ ಬಿದ್ದುಹೋಗುತ್ತದೆ. ಇಲ್ಲಿ ಅಂಥ ಗಡುವಿಲ್ಲ, ಕೋರ್ಟೋ ಮುಂದಿನ ಅಧ್ಯಕ್ಷರೋ ಕೈಯಿಡುವವರೆಗೆ ಆದೇಶ ನಡೆಯುತ್ತದೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ವಿಧಿಸಿ ಸಹಿ ಹಾಕಿದರು, ಭಾನುವಾರದಿಂದಲೇ ಜಾರಿ. ಈಗಾಗಲೇ ವೀಸಾ ಇದ್ದವರಿಗೆ ಇದು ಅನ್ವಯಿಸದೆಂಬ ಸ್ಪಷ್ಟನೆ ಬಂದದ್ದು ಶನಿವಾರ. ನಡುವಿನ ಆ ಒಂದು ದಿನ, ನವರಾತ್ರಿಗೆಂದು ಊರಿಗೆ ಹೋಗಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ಕೊಂಡು ವಾಪಸು ಹೊರಡಬೇಕೇ ಎಂದು ಕೇಳುತ್ತಿದ್ದರು, ಮತ್ತು ಘೋಷಣೆಯ ಪಠ್ಯವನ್ನು ಎಷ್ಟು ಸಲ ಓದಿದರೂ ಖಚಿತವಾದ ಉತ್ತರ ಕೊಡುವ ಸ್ಥಿತಿಯಲ್ಲಿ ವಕೀಲರಿರಲಿಲ್ಲ.

ಆ ಗದ್ದಲ ತಣ್ಣಗಾಗುವ ಮೊದಲೇ ಅಕ್ಟೋಬರ್ 1ರಿಂದ, ಕಾಂಗ್ರೆಸ್ ಹಣ ಮಂಜೂರು ಮಾಡದೆ ಸರ್ಕಾರಿ ಕೆಲಸ ನಿಲ್ಲುವ ಷಟ್‌ಡೌನ್ ಶುರುವಾಯಿತು. ಜಗಳವಿದ್ದದ್ದು ಆರೋಗ್ಯ ವಿಮೆಯ ಸಬ್ಸಿಡಿಯ ಬಗ್ಗೆ, ಎಚ್-1ಬಿ ವೀಸಾಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ವಲಸೆ ಇಲಾಖೆ ಅರ್ಜಿದಾರರ ಶುಲ್ಕದಿಂದ ನಡೆಯುವುದರಿಂದ ತೆರೆದೇ ಇತ್ತು. ಆದರೆ ಎಚ್-1ಬಿ ಅರ್ಜಿಯೊಡನೆ ಲಗತ್ತಿಸಬೇಕಾದ ವೇತನದ ಪ್ರಮಾಣಪತ್ರ ಕೊಡುವುದು ಕಾರ್ಮಿಕ ಇಲಾಖೆ, ಅದಕ್ಕೆ ಬೇಕು ಕಾಂಗ್ರೆಸ್ ಮಂಜೂರು ಮಾಡಿದ ಹಣ. ಆ ಪತ್ರವಿಲ್ಲದೆ ಅರ್ಜಿ ಹಾಕುವಂತಿಲ್ಲ. ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ ಬೇರೊಂದು ಕಂಪನಿಯಿಂದ ಅರ್ಜಿ ಹಾಕಿಸಲು ಇರುವುದು ಹೆಚ್ಚೆಂದರೆ 60 ದಿನ. ಷಟ್‌ಡೌನ್ ಎಂದು ಆ ಗಡುವು ತಾನಾಗಿ ನಿಲ್ಲುವುದಿಲ್ಲ, ತಡವಾದದ್ದನ್ನು ಮನ್ನಿಸಿರೆಂದು ಆಮೇಲೆ ಕೇಳಿಕೊಳ್ಳಬೇಕು.

53 ಸ್ಥಾನಗಳಿದ್ದೂ 60 ಮುಟ್ಟಲಾಗದ ತಮ್ಮ ಪಕ್ಷಕ್ಕೆ, ಫಿಲಿಬಸ್ಟರನ್ನೇ ಕಿತ್ತುಹಾಕಿರೆಂದು ಟ್ರಂಪ್ ಆಗ ಬಹಿರಂಗವಾಗಿಯೇ ಹೇಳಿದರು. ಸೆನೆಟ್‌ನ ರಿಪಬ್ಲಿಕನ್ ನಾಯಕ ಜಾನ್ ಥೂನ್ ಒಪ್ಪಲಿಲ್ಲ. ನಾಳೆ ತಾವೇ ಅಲ್ಪಮತಕ್ಕೆ ಇಳಿದಾಗ ಬೇಕಾಗುವ ತಡೆಯನ್ನು ಅಧ್ಯಕ್ಷರ ಮಾತಿಗೆ ಒಪ್ಪಿಸಲು ಸೆನೆಟರುಗಳು ಸಿದ್ಧರಿರಲಿಲ್ಲ. 43 ದಿನಗಳ ನಂತರ ಬಿಕ್ಕಟ್ಟು ಬಗೆಹರಿದದ್ದು ಕೆಲವು ಡೆಮಾಕ್ರಟರು ಆಚೆಯಿಂದ ಈಚೆಗೆ ಬಂದು ಮತ ಹಾಕಿದ್ದರಿಂದ. ಆ ತಡೆ ಹೋದರೆ ನಮ್ಮ ಸರದಿ ಕರಗೀತೇ ಎಂದು ಕೆಲವರು ಕೇಳುತ್ತಾರೆ. 51 ಮತಗಳಿಂದ ದೇಶವಾರು ಮಿತಿ ಹೋಗಬಹುದು. ಅದೇ 51 ಮತಗಳಿಂದ ಎಚ್-1ಬಿ ವೀಸಾವೇ ಹೋಗಲೂಬಹುದು. ಈಗಿನ ಸೆನೆಟ್‌ನಲ್ಲಿ ಇವೆರಡರಲ್ಲಿ ಯಾವುದಕ್ಕೆ 51 ಮಂದಿ ಬೇಗ ಸಿಕ್ಕಾರೆಂದು ಕೇಳಿದರೆ, ಎರಡನೆಯದಕ್ಕೆ ಎಂದೇ ನಾನು ಹೇಳುವುದು.