ಮನೆಯಲ್ಲೇ ಹಪ್ಪಳ ಮಾಡಿ ಮಾರಲು 'ವಾಸದ ವಲಯ' ಅಡ್ಡ ಬರುತ್ತದಾ?

ಪ್ರಶ್ನೆ: ಶಿರಸಿ ಊರಂಚಿನ ಬಡಾವಣೆಯಲ್ಲಿ ನಮ್ಮ ಸ್ವಂತ ಮನೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಮಾಡಿ ಗೊತ್ತಿದ್ದವರಿಗೆ ಕೊಡುತ್ತಿದ್ದೆವು. ಈಗ ಕೇಳುವವರು ಜಾಸ್ತಿಯಾಗಿದ್ದಾರೆ. ಪಕ್ಕದ ಮನೆಯವರು "ಇದು ವಾಸದ ವಲಯ, ವ್ಯಾಪಾರ ಮಾಡುವ ಹಾಗಿಲ್ಲ" ಅನ್ನುತ್ತಿದ್ದಾರೆ. ಹೌದಾ?

ಉತ್ತರ: ಅರ್ಧ ಹೌದು. ವಾಸದ ವಲಯ ಅಂದರೆ ಅಲ್ಲಿ ಯಾರೂ ದುಡಿಯಬಾರದು ಅಂತಲ್ಲ.

ಇದಕ್ಕೆಲ್ಲ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಡಿ ತಯಾರಾಗುವ ಮಾಸ್ಟರ್ ಪ್ಲಾನ್ ಊರನ್ನು ವಾಸ, ವಾಣಿಜ್ಯ, ಕೈಗಾರಿಕೆ ಎಂದು ಬಣ್ಣ ಹಚ್ಚಿ ಹಂಚುತ್ತದೆ. ನಕ್ಷೆಯ ಜೊತೆಗೇ ವಲಯ ನಿಯಮಾವಳಿಯ ಪುಸ್ತಕವೂ ಇರುತ್ತದೆ. ಜನ ನಕ್ಷೆ ನೋಡಿ ವಾಪಸ್ ಬರುತ್ತಾರೆ, ಪುಸ್ತಕ ತೆರೆಯುವುದಿಲ್ಲ. ವಾಸದ ವಲಯದಲ್ಲಿ ನೇರವಾಗಿ ಏನು ಮಾಡಬಹುದು, ಪ್ರಾಧಿಕಾರದ ವಿಶೇಷ ಅನುಮತಿ ಪಡೆದು ಏನು ಮಾಡಬಹುದು ಎಂಬ ಎರಡು ಪಟ್ಟಿ ಇರುವುದು ಅದರಲ್ಲೇ. ನಿಮ್ಮ ಸರ್ವೆ ನಂಬರು ಹಿಡಿದು ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ "ನಡೀತದೆ ಬಿಡಿ" ಅಂದಿದ್ದು ನಾಳೆ ದೂರು ಬಂದಾಗ ಉಪಯೋಗಕ್ಕೆ ಬರುವುದಿಲ್ಲ.

ಮನೆಯವರು ನಾಲ್ಕು ಜನ ಕೂತು ಹಪ್ಪಳ ಒತ್ತಿ, ಅಂಗಳದಲ್ಲಿ ಒಣಗಿಸಿದರೆ ಯಾರೂ ಮಾತೆತ್ತುವುದಿಲ್ಲ. ಬೀಸುವ ಯಂತ್ರ ಬಂತು, ಕೆಲಸಕ್ಕೆ ಆಳು ಬಂದರು, ಗೇಟಿನೆದುರು ಟೆಂಪೋ ನಿಂತಿತು, ಮಿಡಿ ತೊಳೆದ ಉಪ್ಪುನೀರು ಪಕ್ಕದವರ ಬಾವಿಯ ಕಡೆ ಹರಿಯಿತು ಅಂದರೆ ಕಥೆ ಬೇರೆ. ನನ್ನನ್ನು ಕೇಳಿದರೆ, ಪಕ್ಕದವರ ಸಿಟ್ಟು ವಲಯದ ಮೇಲಲ್ಲ, ನೀರಿನ ಮೇಲೆ. ಅದನ್ನು ಮೊದಲು ಸರಿಮಾಡಿ.

ಲೈಸೆನ್ಸ್ ಬೇರೆಯೇ ವಿಷಯ. ಊರೊಳಗಾದರೆ ನಗರಸಭೆಯ ಉದ್ದಿಮೆ ಪರವಾನಗಿ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಾದರೆ ಪಿಡಿಓ ಬಳಿ ಹೋಗಬೇಕು. ಕರೆಂಟಿನ ಯಂತ್ರ ಕೂರಿಸುವುದಕ್ಕೂ ಪಂಚಾಯ್ತಿಯ ಅನುಮತಿ ಬೇಕು. ತಿನ್ನುವ ಪದಾರ್ಥವಾದ್ದರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಆಗಬೇಕು. ಆ 14 ಅಂಕಿಯ ನಂಬರು ಪ್ಯಾಕೆಟ್ ಮೇಲೆ ಕಾಣಬೇಕು. ಆದರೆ ಇವ್ಯಾವುವೂ ಜಾಗದ ವಲಯವನ್ನು ಬದಲಿಸುವುದಿಲ್ಲ. "ಸಣ್ಣ ಉದ್ದಿಮೆ ಎಂದು ನೋಂದಾಯಿಸಿದ ಉದ್ಯಮ್ ಸರ್ಟಿಫಿಕೇಟ್ ಇದೆಯಲ್ಲ" ಅನ್ನುವವರಿಗೂ ಇದೇ ಉತ್ತರ.

ಜಾಗದ ಕಾಗದವನ್ನೂ ಒಮ್ಮೆ ನೋಡಿ. ಎನ್‌ಎ (ಕೃಷಿ ಜಮೀನನ್ನು ಕೃಷಿಯೇತರ ಎಂದು ಬದಲಿಸಿದ) ಆದೇಶದಲ್ಲಿ 'ವಾಸದ ಉದ್ದೇಶಕ್ಕೆ' ಎಂದು ಬರೆದಿದ್ದರೆ, ದೊಡ್ಡ ಘಟಕ ಕಟ್ಟುವಾಗ ಆ ಮಾತು ಎದುರಿಗೆ ಬರುತ್ತದೆ.

ಎಲ್ಲರೂ ಮರೆಯುವುದು ಕರೆಂಟು. ಮನೆಯ ದರದಲ್ಲೇ ನಡೆಸಬಹುದಾದ ಕಸುಬುಗಳನ್ನು ವಿದ್ಯುತ್ ದರಪಟ್ಟಿಯಲ್ಲೇ ಹೆಸರಿಸಿದ್ದಾರೆ. ಕೈಮಗ್ಗ, ಹೊಲಿಗೆ, ಅಕ್ಕಸಾಲಿ ಕೆಲಸ, ಬ್ಯೂಟಿ ಪಾರ್ಲರ್, ವಕೀಲರು ಮತ್ತು ಡಾಕ್ಟರುಗಳ ಸಲಹೆ, ಹೋಮ್‌ಸ್ಟೇ ಅತಿಥಿಗಳು, ಹೀಗೆ. ಜ್ಯೋತಿಷ್ಯ ಕೂಡ ಇದೆ! ಹಪ್ಪಳ, ಉಪ್ಪಿನಕಾಯಿ ಮಾತ್ರ ಆ ಸಾಲಿನಲ್ಲಿಲ್ಲ. ಮನೆ ಮೀಟರಿಗೆ ಯಂತ್ರ ಸಿಕ್ಕಿಸಿ ಓಡಿಸಿದ್ದು ತಪಾಸಣೆಯಲ್ಲಿ ಕಂಡರೆ, 2003ರ ವಿದ್ಯುತ್ ಕಾಯ್ದೆಯಂತೆ ಆ ಕೆಲಸಕ್ಕಿರುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. 2023ರಲ್ಲಿ ಬಂದ ಗೃಹಜ್ಯೋತಿಯೂ ಮನೆ ಸಂಪರ್ಕಕ್ಕೆ ಮಾತ್ರ. ಯಂತ್ರ ತರುವ ಮೊದಲೇ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ, ಕೆಲಸದ ಕೋಣೆಗೆ ಬೇರೆ ಮೀಟರು ಕೇಳಿ. ಮನೆಯ ಮೀಟರು ಮನೆಗೇ ಉಳಿಯುತ್ತದೆ.

ಇನ್ನೊಂದು ಮಾತು, ಇದು ನಮ್ಮ ಕಡೆಯ ವಿಷಯ. ಬಡಾವಣೆಯ ಮನೆ ಸಾಲದು, ಊರಮನೆಯ ಹಿಂದಿನ ಬೆಟ್ಟದಲ್ಲಿ ಒಂದು ಶೆಡ್ ಹಾಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಕೊಟ್ಟ ಸವಲತ್ತು, ನಿಮ್ಮ ಖಾಸಗಿ ಜಾಗ ಅಲ್ಲ. ಅಜ್ಜನ ಕಾಲದಿಂದ ಬೇಲಿ ನೀವೇ ಹಾಕುತ್ತಾ ಬಂದಿರಬಹುದು. ಆದರೂ ಅಲ್ಲಿ ಕಟ್ಟಡ ಎಬ್ಬಿಸಿದರೆ ಅರಣ್ಯ ಇಲಾಖೆಯವರು ಬರುತ್ತಾರೆ, ಮತ್ತು ಆಗ ಹಪ್ಪಳದ ಲೈಸೆನ್ಸ್ ತೋರಿಸಿ ಪ್ರಯೋಜನವಿಲ್ಲ.

ಘಟ್ಟದ ಕೆಳಗಿನವರೂ ಇದೇ ಥರ ಕೇಳುತ್ತಾರೆ: ಗೋಕರ್ಣದಲ್ಲೋ ಕಾರವಾರದಲ್ಲೋ ಕಡಲ ಹತ್ತಿರದ ಮನೆಯನ್ನು ಹೋಮ್‌ಸ್ಟೇ ಮಾಡಬಹುದಾ ಅಂತ. ಅಲ್ಲಿ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕೂಡ ಸೇರಿಕೊಳ್ಳುತ್ತದೆ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಅದು ಅನ್ವಯ. ಹಳ್ಳಿ ಭಾಗದ ಕರಾವಳಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯರು ಇರುವ ಮನೆಯಲ್ಲೇ ಹೋಮ್‌ಸ್ಟೇ ನಡೆಸಲು 2019ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಷರತ್ತು ಏನೆಂದರೆ ಮನೆಯ ತಳಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಾಗಬಾರದು. ಹಿಂದುಗಡೆ ಸುಮ್ನೆ ಒಂದು ಕೋಣೆ ಎಳೆದರೂ ಆ ಅವಕಾಶದಿಂದ ಹೊರಗೆ ಬೀಳುತ್ತೀರಿ.