ತಾಂಡಾದಿಂದ ಎಂ.ಎ. ತರಗತಿಗೆ: ಒಂದು ಪಟ್ಟಿ, ಒಂದು ಗಡಿ, ಒಂದು ಬ್ಯಾಂಕ್ ಖಾತೆ

1977ರ ಜುಲೈವರೆಗೆ ಹಳೇ ಮೈಸೂರಿನ ಲಂಬಾಣಿ ಪರಿಶಿಷ್ಟ ಜಾತಿ, ಬಿಜಾಪುರದ ಲಂಬಾಣಿ ಅಲ್ಲ. ಮಾತು ಅದೇ ಗೋರ್‌ ಬೋಲಿ, ಅವೇ ರಾಠೋಡ, ಚವ್ಹಾಣ, ಪವಾರ ಅಡ್ಡಹೆಸರು. 1956ರಲ್ಲಿ ನಾಡು ಒಂದಾಯಿತು, ಜಾತಿ ಪಟ್ಟಿ ಮಾತ್ರ ಮುಂಬೈ ಪ್ರಾಂತ, ಹೈದರಾಬಾದು, ಮೈಸೂರು ಎಂಬ ಹಳೇ ಗಡಿಗಳಲ್ಲೇ ಉಳಿಯಿತು. 1976ರ ತಿದ್ದುಪಡಿ ಕಾಯ್ದೆ 1977ರ ಜುಲೈನಲ್ಲಿ ಜಾರಿಗೆ ಬಂದು ಈ ಪ್ರಾದೇಶಿಕ ನಿರ್ಬಂಧ ತೆಗೆಯಿತು. ಅಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿದ್ದವು. ಒಂದು ತಲೆಮಾರು ಓದುವ ವಯಸ್ಸನ್ನು ದಾಟಿತ್ತು.

ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು 1991ರಲ್ಲಿ, ತಳವಾರ ಮತ್ತು ಪರಿವಾರ 2020ರಲ್ಲಿ. ತಳವಾರ ಪ್ರಮಾಣಪತ್ರದ ಜಗಳ ವಿಜಯಪುರದ ತಹಶೀಲ್ದಾರ್ ಕಚೇರಿಗಳಿಗೆ ಹೊಸದಲ್ಲ. ಇನ್ನು ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಸಮುದಾಯಗಳ ಕಥೆ ಬೇರೆಯೇ. ಬ್ರಿಟಿಷರು ಅವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದು ಬೇಲಿಯೊಳಗೆ ಇಟ್ಟರು. ಅಂಥ ಸೆಟ್ಲಮೆಂಟ್ ಬಿಜಾಪುರದಲ್ಲೂ ಇತ್ತು. ಹುಬ್ಬಳ್ಳಿ, ಗದಗಗಳಲ್ಲಿ ಅದು ಇಂದಿಗೂ ಓಣಿಯ ಹೆಸರು. ಹಾಗೆ ಬರೆದ ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾದದ್ದು 1952ರಲ್ಲಿ, ಊರವರ ನಾಲಿಗೆಯಿಂದ ‘ಅಪರಾಧಿ’ ಎಂಬ ಹೆಸರು ಅಷ್ಟು ಬೇಗ ಹೋಗಲಿಲ್ಲ.

ಪಟ್ಟಿಗೆ ಸೇರಿದರೂ ವಿಶ್ವವಿದ್ಯಾಲಯ ದೂರವೇ ಇತ್ತು. ಸ್ನಾತಕೋತ್ತರ ಓದು ಎಂದರೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯ 1982ರಲ್ಲಿ ಬೆಳಗಾವಿಯಲ್ಲಿ ತೆರೆದ ಕೇಂದ್ರವೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಬಂತು. ಮಗಳನ್ನು ಧಾರವಾಡಕ್ಕೆ ಕಳಿಸಲೊಪ್ಪದ ಮನೆಗಳಿಗೆ ಅದು ಯಾವ ಮೀಸಲಾತಿಗೂ ಕಡಿಮೆಯಲ್ಲದ ಅನುಕೂಲ.

ಈಗ ತೊಡಕು ಬರುವುದು ಸೀಟು ಸಿಕ್ಕ ಮೇಲೆ. ಪ್ರವೇಶ ಮತ್ತು ವಿದ್ಯಾರ್ಥಿವೇತನದ ಅರ್ಜಿಯ ಹೊತ್ತಿಗೇ ಕಬ್ಬಿನ ಹಂಗಾಮು ಶುರುವಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗ್ ಕಟ್ಟುವ ಮುಕಾದಮನಿಂದ ಮುಂಗಡ ಪಡೆದ ತಂದೆ-ತಾಯಿ ಗ್ಯಾಂಗಿನ ಜೊತೆ ಕಾರ್ಖಾನೆ ಸೀಮೆಗೆ ಗುಳೆ ಹೋಗಿರುತ್ತಾರೆ. ಆಧಾರ್‌ಗೆ ಜೋಡಿಸಿದ್ದು ಅಪ್ಪನ ಮೊಬೈಲ್, ಒಟಿಪಿ ಹೋಗುವುದು ಕಬ್ಬಿನ ಗದ್ದೆಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲಮಾಣಿ’, ಆಧಾರ್‌ನಲ್ಲಿ ‘ರಾಠೋಡ’ ಎಂದಿದ್ದರೆ ಅರ್ಜಿ ಅಲ್ಲೇ ನಿಂತಿತು. ಎಲ್ಲ ಸರಿಯಾದರೂ ಹಣ ಬೀಳುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಸಿಮ್ ಕೊಂಡಾಗ ಅರಿವಿಲ್ಲದೆ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯೇ ಅದಾಗಿದ್ದರೆ, ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಕಾಯ್ದದ್ದೇ ಬಂತು. ಅಷ್ಟರಲ್ಲಿ ಶುಲ್ಕದ ಬಾಕಿಗೆ ಹಾಲ್ ಟಿಕೆಟ್ ತಡೆದರೆ ಹುಡುಗ ತಾನೂ ಗ್ಯಾಂಗಿಗೆ ಸೇರುತ್ತಾನೆ. ದಾಖಲೆಯಲ್ಲಿ ಅದು ‘ಗೈರುಹಾಜರಿ’.

ಮದ್ದು ಅಗ್ಗದ್ದು. ಪ್ರವೇಶದ ವಾರವೇ ವಿಭಾಗದಲ್ಲಿ ಒಂದು ಮೇಜು ಹಾಕಿ, ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಜಾಲತಾಣದಲ್ಲಿ ತೆರೆದು ನೋಡಬೇಕು, ಎಲ್ಲ ಕಾಗದದ ಹೆಸರು ತಾಳೆ ಹಾಕಬೇಕು. ಆಧಾರ್‌ಗೆ ವಿದ್ಯಾರ್ಥಿಯದೇ ಮೊಬೈಲ್ ಜೋಡಿಸಬೇಕು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಆಧಾರ್ ಜಾಲತಾಣದಲ್ಲೇ ಕಾಣುತ್ತದೆ. ತಪ್ಪಿದ್ದರೆ ಬೇಕಾದ ಬ್ಯಾಂಕಿಗೆ ಒಪ್ಪಿಗೆ ಪತ್ರ ಕೊಟ್ಟರಾಯಿತು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ವಿದ್ಯಾರ್ಥಿವೇತನ ಯೋಜನೆಯ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ ಎಂಬುದನ್ನೂ ಆಗಲೇ ಹೇಳಬೇಕು.

ಅವಮಾನಕ್ಕೆ ಮಾತ್ರ ಮೇಜು ಸಾಲದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಗಳು ತರಗತಿಯಲ್ಲಿ ಜಾತಿ ಹೆಸರು ಸಾರುವುದು, ‘ಮೀಸಲಾತಿಯವ’ ಎಂದು ಗುರುತಿಸುವುದು, ಹಾಸ್ಟೆಲ್, ಮೆಸ್‌ಗಳಲ್ಲಿ ಬೇರೆ ಕೂಡಿಸುವುದು ತಾರತಮ್ಯವೆಂದು ಬಿಡಿಸಿ ಬರೆದವು. ಸಮಾನ ಅವಕಾಶ ಘಟಕ, ತಾರತಮ್ಯ ನಿವಾರಣಾ ಅಧಿಕಾರಿ, ದೂರಿಗೆ 60 ದಿನಗಳಲ್ಲಿ ತೀರ್ಮಾನ ಎಂದವು. ಆದರೆ ಬಹಳಷ್ಟು ದೂರುಗಳು ಬಾಯಿಮಾತಲ್ಲೇ ಮುಗಿಯುತ್ತವೆ: ‘ನೋಡೋಣಪ್ಪ, ಹೋಗು’. ದಿನಾಂಕ ಹಾಕಿ ಬರೆದುಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದಿದ್ದರೆ ಆ 60 ದಿನಗಳ ಎಣಿಕೆ ಶುರುವಾಗುವುದೇ ಇಲ್ಲ.