ದುಬಾರಿ ಆಟಗಾರ ಕೈಕೊಟ್ಟರೆ ಇಡೀ ತಂಡ ಏಕೆ ಮುಳುಗಬೇಕು?

2011ರ ಡಿಸೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಾರೆ ಆಲ್ಬರ್ಟ್ ಪುಜೋಲ್ಸ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬಿಟ್ಟು ಏಂಜಲ್ಸ್ ತಂಡ ಸೇರಿದರು. ಹತ್ತು ವರ್ಷಕ್ಕೆ 24 ಕೋಟಿ ಡಾಲರ್. ಅವರಿಗೆ ಆಗ 32 ತುಂಬುವುದರಲ್ಲಿತ್ತು. ಅದುವರೆಗಿನ 11 ಸೀಸನ್‌ಗಳಲ್ಲಿ 445 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ), ಮೂರು ಸಲ ಎಂವಿಪಿ (ಅತ್ಯುತ್ತಮ ಆಟಗಾರ ಪ್ರಶಸ್ತಿ), ಎರಡು ಸಲ ವರ್ಲ್ಡ್ ಸೀರೀಸ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಫೈನಲ್ ಸರಣಿ, ಗೆಲುವು. ಆಮೇಲೆ ಬರೀ ಇಳಿಜಾರು. 2021ರ ಮೇ ತಿಂಗಳಲ್ಲಿ, ಕರಾರಿನ ಕೊನೆಯ ಸೀಸನ್ ಶುರುವಾಗಿ ತಿಂಗಳು ಕಳೆದಿತ್ತಷ್ಟೇ, ಏಂಜಲ್ಸ್ ಅವರನ್ನು ಮನೆಗೆ ಕಳಿಸಿತು. ಆ ಹತ್ತು ವರ್ಷದಲ್ಲಿ ತಂಡ ಪ್ಲೇಆಫ್ ಮುಖ ನೋಡಿದ್ದು ಒಂದೇ ಸಲ, 2014ರಲ್ಲಿ. ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಫ್ರೀ ಏಜೆಂಟ್‌ಗಳ (ಹಳೇ ತಂಡದ ಹಿಡಿತ ಮುಗಿದು ಯಾವ ತಂಡಕ್ಕಾದರೂ ಹೋಗಬಹುದಾದ ಆಟಗಾರರ) ಮೇಲೆ ದುಡ್ಡು ಸುರಿಯಬಾರದು ಎನ್ನುವವರು ಮೊದಲು ತೆಗೆಯುವ ಹೆಸರು ಇದೇ. ನ್ಯೂಜೆರ್ಸಿಯಲ್ಲಿ ನನ್ನ ಸಹೋದ್ಯೋಗಿಗಳ ನಡುವೆ ಚಳಿಗಾಲ ಬಂದರೆ ಇದೇ ಜಗಳ. ನಾನು ಆಕ್ಚುಯರಿ. ಯಾರು ಎಷ್ಟು ವರ್ಷ ಬದುಕಬಹುದು, ಯಾರು ಯಾವಾಗ ದುಡಿಯಲಾಗದ ಸ್ಥಿತಿಗೆ ಬರಬಹುದು ಅಂತ ಲೆಕ್ಕ ಹಾಕಿ ವಿಮೆಗೆ, ಪಿಂಚಣಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಹಾಗಾಗಿ ಈ ಕರಾರುಗಳನ್ನು ನೋಡುವ ನನ್ನ ಕಣ್ಣು ಸ್ವಲ್ಪ ಬೇರೆ. ಪುಜೋಲ್ಸ್ ಕಥೆಯಲ್ಲಿ ಜನ ಜಾಸ್ತಿ ಹೇಳದ ಎರಡು ತುಣುಕುಗಳು ನನಗೆ ಮುಖ್ಯ.

ಮೊದಲನೆಯದು, ಅವರನ್ನು ಕಳೆದುಕೊಂಡ ಕಾರ್ಡಿನಲ್ಸ್‌ಗೆ ಪರಿಹಾರವಾಗಿ ಏಂಜಲ್ಸ್‌ನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗಿನ ಒಂದು ಸರದಿ, ಸಿಕ್ಕಿತು. ಆ ಆಯ್ಕೆಯಲ್ಲಿ ಅವರು ತೆಗೆದುಕೊಂಡಿದ್ದು ಮೈಕೆಲ್ ವಾಕಾ ಎಂಬ ಪಿಚರ್‌ನನ್ನು (ಚೆಂಡು ಎಸೆಯುವವನನ್ನು). ಮುಂದಿನ ವರ್ಷವೇ, 2013ರಲ್ಲಿ, ಆ ಹುಡುಗ ವರ್ಲ್ಡ್ ಸೀರೀಸ್‌ಗೆ ಮೊದಲು ನಡೆಯುವ ನ್ಯಾಷನಲ್ ಲೀಗ್ ಫೈನಲ್‌ನ ಎಂವಿಪಿ ಆಗಿ ಕಾರ್ಡಿನಲ್ಸನ್ನು ವರ್ಲ್ಡ್ ಸೀರೀಸ್‌ಗೆ ಕರೆದೊಯ್ದ. ಎರಡನೆಯದು, ಏಂಜಲ್ಸ್ ಕೈಬಿಟ್ಟ ಅದೇ ಪುಜೋಲ್ಸ್ 2022ರಲ್ಲಿ ಕಾರ್ಡಿನಲ್ಸ್‌ಗೆ ಮರಳಿದರು. ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಅವರನ್ನು ಇಳಿಸಿದರು. 42ನೇ ವಯಸ್ಸಲ್ಲಿ 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ನಿಲ್ಲಿಸಿ ನಿವೃತ್ತರಾದರು.

ಅಂದರೆ ಮನುಷ್ಯ ಪೂರ್ತಿ ಮುಗಿದುಹೋಗಿರಲಿಲ್ಲ. ಏಂಜಲ್ಸ್ ಅವರನ್ನು ವರ್ಷಗಟ್ಟಲೆ ದಿನಾ ಆಡಿಸಿತು, ಬ್ಯಾಟಿಂಗ್ ಸಾಲಿನ ನಟ್ಟನಡುವೆಯೇ ಇಳಿಸಿತು. ಅಷ್ಟು ದುಡ್ಡು ಕೊಟ್ಟು ಬೆಂಚಿನ ಮೇಲೆ ಕೂರಿಸೋಕೆ ಯಾರಿಗೆ ಮನಸ್ಸು ಬರುತ್ತೆ? ಒಂದು ಕರಾರು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅರ್ಧ ಆಟಗಾರ ತೀರ್ಮಾನಿಸುತ್ತಾನೆ. ಉಳಿದರ್ಧ, ಅವನ ಸುತ್ತ ಇರುವ 25 ಜನ ಯಾರು ಅನ್ನುವುದರ ಮೇಲಿದೆ. ನಮ್ಮ ಜಗಳಗಳಲ್ಲಿ ಈ ಉಳಿದರ್ಧದ ಮಾತೇ ಬರುವುದಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರ ಆರು ವರ್ಷ ಸೇವೆ ಮುಗಿಸುವ ತನಕ ತಂಡದ ಹಿಡಿತದಲ್ಲೇ ಇರುತ್ತಾನೆ. ಮೊದಲಿಗೆ ಈ ಹಿಡಿತ ಜೀವನಪೂರ್ತಿ ಇತ್ತು. ಕರ್ಟ್ ಫ್ಲಡ್ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1972ರಲ್ಲಿ ಸೋತರು. 1975ರ ಕೊನೆಗೆ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಇಬ್ಬರು ಪಿಚರ್‌ಗಳ ಪರ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಆರು ವರ್ಷದ ನಿಯಮ ಆಗ ಬಂದದ್ದು. ಅದರ ಪರಿಣಾಮ ನೋಡಿ. ಹೆಚ್ಚಿನವರು ಮೇಜರ್ ಲೀಗ್ ಸೇರುವುದೇ 23-24ರಲ್ಲಿ. ಅಲ್ಲಿಂದ ಆರು ವರ್ಷ ಕೂಡಿಸಿ. ಮಾರುಕಟ್ಟೆಗೆ ಬರುವಾಗ 30ರ ಹತ್ತಿರ. ಬ್ಯಾಟರ್‌ಗಳ ಆಟ ತುದಿ ಮುಟ್ಟುವುದು 26ರಿಂದ 29ರ ಸುಮಾರಿಗೆ. ಒಳ್ಳೆಯ ವರ್ಷಗಳನ್ನು ಹಳೇ ತಂಡ ಅಗ್ಗಕ್ಕೆ ತಿಂದಿರುತ್ತದೆ. ಹೊಸ ತಂಡ ದುಬಾರಿ ಬೆಲೆಗೆ ಇಳಿಗಾಲ ಕೊಳ್ಳುತ್ತದೆ.

ಇನ್ನೊಂದು ವಿಷಯ. ಇಲ್ಲಿ ಕರಾರು ಪೂರ್ತಿ ಖಾತರಿ. ಐಪಿಎಲ್‌ನಲ್ಲಿ ಆಟಗಾರ ಕೈಕೊಟ್ಟರೆ ಮುಂದಿನ ಹರಾಜಿಗೆ ಮೊದಲು ಬಿಟ್ಟುಬಿಡಬಹುದು, ಅವನ ದುಡ್ಡು ಪರ್ಸಿಗೆ ವಾಪಸ್ ಬರುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಆಟಗಾರನನ್ನು ಕಳಿಸಿದರೂ ಕೊನೆಯ ಡಾಲರ್‌ವರೆಗೂ ಕೊಡಬೇಕು.

ಈಗ ಆ ಉಳಿದರ್ಧದ ಮಾತು. ಅಲೆಕ್ಸ್ ರಾಡ್ರಿಗಸ್ 2000ದ ಡಿಸೆಂಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಜೊತೆ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್ ಕರಾರು ಮಾಡಿಕೊಂಡರು. ಆಗ ವಯಸ್ಸು ಬರೀ 25. ಮೂರು ಸೀಸನ್‌ನಲ್ಲಿ 52, 57, 47 ಹೋಮ್ ರನ್. 2003ರಲ್ಲಿ ಎಂವಿಪಿ. ಇದಕ್ಕಿಂತ ಚೆನ್ನಾಗಿ ಯಾರೂ ಆಡೋಕಾಗಲ್ಲ. ಆ ಮೂರೂ ವರ್ಷ ರೇಂಜರ್ಸ್ ತನ್ನ ವಿಭಾಗದಲ್ಲಿ ಕಟ್ಟಕಡೆ. ಬೌಲಿಂಗ್ ಇಲ್ಲದೆ ಬರೀ ಕೊಹ್ಲಿ, ಗೇಲ್, ಎಬಿಡಿ ನಂಬಿಕೊಂಡಿದ್ದ ಕಾಲದ ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2004ರಲ್ಲಿ ಅವರನ್ನು ಯಾಂಕೀಸ್‌ಗೆ ದಾಟಿಸುವಾಗ ಸಂಬಳದ ಒಂದು ಪಾಲನ್ನು ರೇಂಜರ್ಸೇ ಹೊತ್ತುಕೊಳ್ಳಬೇಕಾಯಿತು.

ನಮ್ಮ ವೃತ್ತಿಯಲ್ಲಿ ಒಬ್ಬ ಗ್ರಾಹಕನಿಗೆ ಏನಾಗುತ್ತದೆ ಅಂತ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹತ್ತು ಸಾವಿರ ಜನರನ್ನು ಒಟ್ಟಿಗೆ ನೋಡುತ್ತೇವೆ. ಬೇಸ್‌ಬಾಲ್ ತಂಡಕ್ಕೆ ಆ ಸೌಕರ್ಯ ಇಲ್ಲ. ಅದರ ಹತ್ತಿರ ಇಂಥ ದೊಡ್ಡ ಕರಾರುಗಳು ಇರುವುದು ಎರಡೋ ಮೂರೋ. ಒಂದು ಕೆಟ್ಟರೂ ಏಟು ಜೋರು. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ಇವು ಒಟ್ಟಿಗೇ ಕೆಡುವ ಸಾಧ್ಯತೆ ಎಷ್ಟು?

ಏಂಜಲ್ಸ್ ತಂಡವನ್ನು ಈ ಕಣ್ಣಲ್ಲಿ ನೋಡಿ. ಪುಜೋಲ್ಸ್ ಬಂದ ಮರುವರ್ಷ ಜಾಶ್ ಹ್ಯಾಮಿಲ್ಟನ್‌ಗೆ ಐದು ವರ್ಷಕ್ಕೆ 12.5 ಕೋಟಿ. ಅವರೂ 31 ದಾಟಿದವರೇ. ಎರಡೇ ಸೀಸನ್ ಆದ ಮೇಲೆ, 2015ರಲ್ಲಿ, ಹಳೇ ತಂಡಕ್ಕೇ ಸಾಗಹಾಕಿದರು. 2019ರ ಡಿಸೆಂಬರ್‌ನಲ್ಲಿ ಆಂಟನಿ ರೆಂಡನ್‌ಗೆ ಏಳು ವರ್ಷಕ್ಕೆ 24.5 ಕೋಟಿ. 162 ಪಂದ್ಯಗಳ ಸೀಸನ್‌ನಲ್ಲಿ ಅವರು ಆ ತಂಡಕ್ಕೆ ಯಾವ ವರ್ಷವೂ 58ಕ್ಕಿಂತ ಜಾಸ್ತಿ ಆಡಲಿಲ್ಲ. 2025ರಲ್ಲಿ ಒಂದೂ ಇಲ್ಲ. ಮೂವರೂ ಬ್ಯಾಟರ್‌ಗಳು, ಮೂವರೂ 30ರ ಅಂಚಿನಲ್ಲಿ ಅಥವಾ ಆಚೆ ಬಂದವರು. ಒಂದೇ ಬಗೆಯ ಅಪಾಯವನ್ನು ಮೂರು ಸಲ ಕೊಂಡ ಹಾಗಾಯಿತು. ಅದೇ ತಂಡದಲ್ಲಿ ಈ ಕಾಲದ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾದ ಮೈಕ್ ಟ್ರೌಟ್ ಇದ್ದರು. 2018ರಿಂದ 2023ರವರೆಗೆ ಪಿಚಿಂಗ್, ಬ್ಯಾಟಿಂಗ್ ಎರಡರಲ್ಲೂ ಮಿಂಚುವ ಶೊಹೇ ಒಹ್ತಾನಿ ಕೂಡ ಇದ್ದರು! ಆ ಆರು ವರ್ಷದಲ್ಲಿ ಒಂದು ಸಲವೂ ಏಂಜಲ್ಸ್ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆಲ್ಲಲಿಲ್ಲ. ಕಾರಣ ಬಹಳ ಸಪ್ಪೆಯದು. ಪಿಚರ್‌ಗಳಿರಲಿಲ್ಲ. ಯಾರಾದರೂ ಗಾಯಗೊಂಡರೆ ಕೆಳಗಿನ ಲೀಗ್‌ಗಳಿಂದ ಎತ್ತಿಕೊಳ್ಳಲು ಹುಡುಗರೂ ಇರಲಿಲ್ಲ.

ಪಿಚರ್‌ಗಳ ವಿಷಯಕ್ಕೆ ಬಂದರೆ ವಯಸ್ಸಿನ ಲೆಕ್ಕವೂ ಕೈಕೊಡುತ್ತದೆ. ಅಲ್ಲಿ ಮೊಣಕೈ, ಭುಜದ್ದೇ ಕಾರುಬಾರು. ವಾಷಿಂಗ್ಟನ್ ನ್ಯಾಷನಲ್ಸ್ ಒಂದೇ ಬಗೆಯ ಕರಾರನ್ನು ಎರಡು ಸಲ ಮಾಡಿತು. 2015ರಲ್ಲಿ ಮ್ಯಾಕ್ಸ್ ಶರ್ಜರ್‌ಗೆ ಏಳು ವರ್ಷ, 21 ಕೋಟಿ. ಆಗ ವಯಸ್ಸು 30. ಅವರು ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಸಲ ಗೆದ್ದರು, 2019ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಆ ಸರಣಿಯ ಎಂವಿಪಿ ಸ್ಟೀಫನ್ ಸ್ಟ್ರಾಸ್‌ಬರ್ಗ್. ಅವರಿಗೂ ಆ ಡಿಸೆಂಬರ್‌ನಲ್ಲೇ ಏಳು ವರ್ಷ, 24.5 ಕೋಟಿ. ವಯಸ್ಸು 31. ಆಮೇಲೆ ಅವರು ಆಡಿದ್ದು ಎಂಟೇ ಪಂದ್ಯ. ಕುತ್ತಿಗೆ ಮತ್ತು ಭುಜದ ನಡುವೆ ನರ ಒತ್ತಿಕೊಳ್ಳುವ ತೊಂದರೆ ಅವರ ಆಟವನ್ನೇ ಮುಗಿಸಿತು. ಒಂದೇ ತಂಡ, ಒಂದೇ ಆಡಳಿತ, ಹೆಚ್ಚುಕಡಿಮೆ ಒಂದೇ ವಯಸ್ಸು. ಶರ್ಜರ್ ಕರಾರನ್ನು ಜಾಣತನ ಅಂತಲೂ, ಸ್ಟ್ರಾಸ್‌ಬರ್ಗ್ ಕರಾರನ್ನು ಪೆದ್ದುತನ ಅಂತಲೂ ಹೇಳುವವರನ್ನು ನಾನು ನಂಬುವುದಿಲ್ಲ. ಎರಡೂ ಒಂದೇ ಜೂಜು. ಒಂದು ಹೂ ಬಿತ್ತು, ಇನ್ನೊಂದು ಬೀಳಲಿಲ್ಲ.

ವಿಮೆ ಮಾಡಿಸಬಹುದಲ್ವಾ ಅಂತ ನನ್ನನ್ನು ಎಲ್ಲರೂ ಕೇಳುತ್ತಾರೆ. ಮಾಡಿಸಬಹುದು. 1998ರ ಕೊನೆಗೆ ಬಾಲ್ಟಿಮೋರ್ ಓರಿಯೋಲ್ಸ್ ಆಲ್ಬರ್ಟ್ ಬೆಲ್‌ಗೆ ಐದು ವರ್ಷದ 6.5 ಕೋಟಿ ಕರಾರು ಕೊಟ್ಟಿತು. ಎರಡು ಸೀಸನ್ ಆದ ಮೇಲೆ ಸೊಂಟದ ಕೀಲು ಸವೆದು ಅವರ ಆಟ ನಿಂತಿತು. ಉಳಿದ ಸಂಬಳದ ಹೆಚ್ಚಿನ ಭಾಗವನ್ನು ವಿಮೆ ಕಂಪನಿ ಕೊಟ್ಟಿತು. ಆದರೆ ಇದಕ್ಕೆ ಮಿತಿಗಳಿವೆ. ಪ್ರೀಮಿಯಂ ಜೋರು. ಪಾಲಿಸಿಗಳು ಸಾಮಾನ್ಯವಾಗಿ ಕರಾರಿನಷ್ಟು ಉದ್ದ ಇರುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಆ ಹೊತ್ತಿಗೆ ಮೊಣಕೈಗೆ ಒಮ್ಮೆ ಆಪರೇಷನ್ ಆಗಿದ್ದರೆ ಮೊಣಕೈಯನ್ನೇ ಪಾಲಿಸಿಯಿಂದ ಹೊರಗಿಡುತ್ತಾರೆ. ಕಂಪನಿ ಕಡೆ ಕೂತವನಾಗಿ ಹೇಳುತ್ತೇನೆ, ನಾನಾದರೂ ಹಾಗೇ ಮಾಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾಗಿ, ಗಾಯಕ್ಕೆ ವಿಮೆ ಇದೆ, ಫಾರ್ಮ್ ಹೋಗಿದ್ದಕ್ಕೆ ಇಲ್ಲ. ಅದೇ ಓರಿಯೋಲ್ಸ್ 2016ರ ಜನವರಿಯಲ್ಲಿ ಕ್ರಿಸ್ ಡೇವಿಸ್‌ಗೆ ಏಳು ವರ್ಷಕ್ಕೆ 16.1 ಕೋಟಿ ಕೊಟ್ಟಿತು. 2018ರಲ್ಲಿ ಅವರ ಸರಾಸರಿ .168, ಅಂದರೆ ಸಾವಿರ ಅವಕಾಶಕ್ಕೆ 168 ಹಿಟ್‌ನ ಲೆಕ್ಕ. ಆ ವರ್ಷದ ಕೊನೆಯಿಂದ 2019ರ ಏಪ್ರಿಲ್‌ವರೆಗೆ ಸತತ 54 ಅವಕಾಶಗಳಲ್ಲಿ ಒಂದು ಹಿಟ್ ಕೂಡ ಇಲ್ಲ. ಮೈಯಲ್ಲಿ ಶಕ್ತಿ ಇತ್ತು, ದಿನಾ ಮೈದಾನಕ್ಕೂ ಬರುತ್ತಿದ್ದರು. ಯಾವ ಪಾಲಿಸಿಯೂ ಇದಕ್ಕೆ ಕೊಡುವುದಿಲ್ಲ. ಇಲ್ಲಿ ಸಂಬಳದಷ್ಟೇ ದೊಡ್ಡ ನಷ್ಟ ರೋಸ್ಟರ್ ಜಾಗದ್ದು. ತಂಡದಲ್ಲಿ ಇರುವುದು 26 ಜಾಗ. ಒಬ್ಬ ಹುಡುಗ ಕಲಿಯಬಹುದಾಗಿದ್ದ ನೂರಾರು ಅವಕಾಶಗಳು ಡೇವಿಸ್ ಪಾಲಾದವು. ಕೊಟ್ಟ ದುಡ್ಡು ಹೇಗೂ ಹೋಯಿತು, ಜಾಗವನ್ನಾದರೂ ಉಳಿಸಿಕೊಳ್ಳೋಣ ಅನ್ನುವ ಧೈರ್ಯ ಮಾಲೀಕರಿಗೆ ಬೇಗ ಬರುವುದಿಲ್ಲ.

ಹಾಗಾದರೆ ಹತ್ತು, ಹದಿಮೂರು ವರ್ಷದ ಕರಾರು ಯಾಕೆ ಕೊಡುತ್ತಾರೆ? ಕೊನೆಯ ವರ್ಷಗಳು ಸಪ್ಪೆ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಬೇಸ್‌ಬಾಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ, ತೆರಿಗೆಯ ಗೆರೆ ಇದೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ದಾಟಿದರೆ ಹೆಚ್ಚಿನ ಮೊತ್ತದ ಮೇಲೆ ಮೊದಲ ವರ್ಷ ಶೇ. 20, ಸತತ ಎರಡನೇ ವರ್ಷ ಶೇ. 30, ಆಮೇಲೆ ಶೇ. 50. ಈ ಲೆಕ್ಕಕ್ಕೆ ಹಿಡಿಯುವುದು ಕರಾರಿನ ವಾರ್ಷಿಕ ಸರಾಸರಿಯನ್ನು. 2019ರಲ್ಲಿ ಫಿಲಡೆಲ್ಫಿಯಾ ತಂಡ ಬ್ರೈಸ್ ಹಾರ್ಪರ್‌ಗೆ 33 ಕೋಟಿಯನ್ನು 13 ವರ್ಷಕ್ಕೆ ಹರಡಿತು. ವರ್ಷಕ್ಕೆ ಸುಮಾರು 2.54 ಕೋಟಿ ಬಿತ್ತು. ಅದನ್ನೇ ಎಂಟು ವರ್ಷಕ್ಕೆ ಹಂಚಿದ್ದರೆ ನಾಲ್ಕು ಕೋಟಿ ದಾಟುತ್ತಿತ್ತು. ಹಾಗಾಗಿ 38ರ ವಯಸ್ಸಿನಲ್ಲಿ ಹಾರ್ಪರ್ ಆಟ ಬಿದ್ದರೆ ನಾನು ಆ ಕರಾರನ್ನು ಬಯ್ಯುವುದಿಲ್ಲ. ಮೊದಲ ವರ್ಷಗಳ ಆಟಕ್ಕೆ ಕಂತಿನಲ್ಲಿ ದುಡ್ಡು ಕಟ್ಟುತ್ತಿದ್ದಾರೆ, ಅಷ್ಟೇ.

ಒಹ್ತಾನಿ ಕರಾರು ಇದರ ಇನ್ನೊಂದು ರೂಪ. ಹತ್ತು ವರ್ಷಕ್ಕೆ 70 ಕೋಟಿ ಅಂತ ಸುದ್ದಿ. ಅವರ ಈಗಿನ ತಂಡ ಡಾಡ್ಜರ್ಸ್ ಅವರಿಗೆ ಆಡುವಾಗ ಕೊಡುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿ ಇಲ್ಲದೆ. ಇವತ್ತಿನ ಬೆಲೆಗೆ ಇಳಿಸಿದರೆ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4.6 ಕೋಟಿ. ಪಿಂಚಣಿ ಲೆಕ್ಕ ಮಾಡುವ ನನಗೆ ಇದರಲ್ಲಿ ಮೋಸ ಏನೂ ಕಾಣುವುದಿಲ್ಲ. ಆಟ ಬಿಟ್ಟು ಎಷ್ಟೋ ವರ್ಷವಾದ ಬಾಬಿ ಬೊನಿಯಾಗೆ ನ್ಯೂಯಾರ್ಕ್ ಮೆಟ್ಸ್ ತಂಡ ಪ್ರತಿ ಜುಲೈ 1ರಂದು ಸುಮಾರು 11.9 ಲಕ್ಷ ಡಾಲರ್ ಕೊಡುವುದನ್ನು ನೋಡಿ ಜನ ನಗುತ್ತಾರಲ್ಲ, 2035ರವರೆಗೆ ನಡೆಯುವ ಅದೂ ಇಂಥದ್ದೇ. ಅಲ್ಲಿ ಎಡವಿದ್ದು ಒಂದೇ ಕಡೆ, ಶೇ. 8ರ ಬಡ್ಡಿ.

ಡಾಡ್ಜರ್ಸ್ 2024 ಮತ್ತು 2025ರಲ್ಲಿ ಸತತ ವರ್ಲ್ಡ್ ಸೀರೀಸ್ ಗೆದ್ದಿತು. ದುಡ್ಡಿನಿಂದ ಗೆದ್ದರು ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ 2024ರಲ್ಲಿ ಆ ತಂಡದ ಪಿಚರ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಟೈಲರ್ ಗ್ಲಾಸ್ನೋ, ಕ್ಲೇಟನ್ ಕರ್ಶಾ ಇಬ್ಬರೂ ಪ್ಲೇಆಫ್‌ನಲ್ಲಿರಲಿಲ್ಲ. ಕೆಲವು ಪಂದ್ಯಗಳನ್ನು ಮುಖ್ಯ ಪಿಚರ್ ಇಲ್ಲದೆ, ಒಂದೊಂದು ಇನಿಂಗ್ಸ್ ಎಸೆಯುವವರನ್ನೇ ಸಾಲಾಗಿ ಇಳಿಸಿ ಗೆದ್ದರು. ಇದೇ ಪೆಟ್ಟು ಏಂಜಲ್ಸ್‌ಗೆ ಬಿದ್ದಿದ್ದರೆ ಜುಲೈಗೇ ಸೀಸನ್ ಮುಗಿಯುತ್ತಿತ್ತು.

ಇನ್ನೊಂದು ಕಡೆ ನನ್ನ ಗಮನ ಹೋಗುವುದು ಮಾಹಿತಿ ಯಾರ ಹತ್ತಿರ ಇದೆ ಅನ್ನುವುದರ ಮೇಲೆ. ಆಟಗಾರನ ದೇಹ ಹಳೇ ತಂಡಕ್ಕೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಅವರು ಸುಮ್ನೆ ಬಿಟ್ಟುಕೊಟ್ಟರೆ ಯಾಕೆ ಅಂತ ಕೇಳಬೇಕು. 2022ರ ಡಿಸೆಂಬರ್‌ನಲ್ಲಿ ಕಾರ್ಲೋಸ್ ಕೊರಿಯಾಗೆ ಸ್ಯಾನ್ ಫ್ರಾನ್ಸಿಸ್ಕೋ 13 ವರ್ಷಕ್ಕೆ 35 ಕೋಟಿ ಒಪ್ಪಿತು. ವೈದ್ಯಕೀಯ ಪರೀಕ್ಷೆ ನೋಡಿ ಹಿಂದೆ ಸರಿಯಿತು. 2014ರಲ್ಲಿ ಅವರ ಕಾಲಿಗೆ ಆದ ಶಸ್ತ್ರಚಿಕಿತ್ಸೆ ಕಾರಣ. ಮೆಟ್ಸ್ 31.5 ಕೋಟಿಗೆ ಒಪ್ಪಿ ಅದೂ ಹಿಂಜರಿಯಿತು. ಕೊನೆಗೆ ಅವರು ಹಿಂದಿನ ಸೀಸನ್ ಆಡಿದ್ದ ಮಿನೆಸೋಟಾಕ್ಕೇ ಮರಳಿದರು, ಆರು ವರ್ಷಕ್ಕೆ 20 ಕೋಟಿ. ಕಾಲು ಅದೇ, ತಿಂಗಳೊಳಗೆ ಮೂರು ಬೆಲೆ. ಹತ್ತಿರದಿಂದ ನೋಡಿದವರು ಆರು ವರ್ಷಕ್ಕೆ ನಿಲ್ಲಿಸಿದರು.

ಈಗ ನನ್ನ ಸಹೋದ್ಯೋಗಿಗಳ ಜಗಳ ಹ್ವಾನ್ ಸೋಟೋ ಮೇಲೆ. 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಕೊಟ್ಟಿದ್ದು 15 ವರ್ಷಕ್ಕೆ 76.5 ಕೋಟಿ. ಮೊದಲ ಸೀಸನ್‌ನಲ್ಲಿ ಸೋಟೋ ಚೆನ್ನಾಗಿ ಆಡಿದರು, ತಂಡ 83 ಗೆದ್ದು 79 ಸೋತು ಪ್ಲೇಆಫ್ ತಪ್ಪಿಸಿಕೊಂಡಿತು. ಕರಾರು ದಂಡ ಅಂತ ಒಬ್ಬರು, ಒಂದೇ ವರ್ಷಕ್ಕೆ ತೀರ್ಪು ಬೇಡ ಅಂತ ಇನ್ನೊಬ್ಬರು. ಸಹಿ ಹಾಕುವಾಗ ಅವರಿಗೆ 26 ವರ್ಷ. ನನ್ನ ಕೋಷ್ಟಕದಲ್ಲಿ ಅದು ಪುಜೋಲ್ಸ್‌ಗಿಂತ ತೀರಾ ಬೇರೆ ಸಾಲು. ನಾನು ಬೆಟ್ಟು ಮಾಡಿ ತೋರಿಸುವುದು ಇನ್ನೊಂದು ಷರತ್ತನ್ನು. 2029 ಮುಗಿದ ಮೇಲೆ ಸೋಟೋ ಬೇಕಾದರೆ ಹೊರನಡೆಯಬಹುದು. ಚೆನ್ನಾಗಿ ಆಡುತ್ತಿದ್ದರೆ ಹೋಗುತ್ತಾರೆ, ಇಲ್ಲದಿದ್ದರೆ ಉಳಿಯುತ್ತಾರೆ. ಹೀಗೆ ಲಾಭ ಆಟಗಾರನಿಗೆ, ನಷ್ಟ ತಂಡಕ್ಕೆ. ಅದನ್ನು ತಡೆಯಲು ಮೆಟ್ಸ್ ಒಂದು ದಾರಿ ಬರೆಸಿಕೊಂಡಿದೆ. ಮುಂದಿನ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಹೆಚ್ಚಿಗೆ ಕೊಟ್ಟರೆ ಆ ಬಾಗಿಲು ಮುಚ್ಚುತ್ತದೆ. ಆಗ ಸೋಟೋಗೆ 31. ಮೆಟ್ಸ್‌ನ ಇನ್ನೊಬ್ಬ ತಾರೆ ಫ್ರಾನ್ಸಿಸ್ಕೋ ಲಿಂಡೋರ್ ಅವರ 34.1 ಕೋಟಿ ಕರಾರು ಕೂಡ 2031ರವರೆಗೆ ಅದೇ ಪುಸ್ತಕದಲ್ಲಿ ಕೂತಿರುತ್ತದೆ. ಆ ನಾಲ್ಕು ಕೋಟಿಯನ್ನು ಕೊಡಬೇಕೋ ಬೇಡವೋ ಅನ್ನುವುದು, ಅಷ್ಟರಲ್ಲಿ ಮೆಟ್ಸ್ ತನ್ನ ಕೆಳಗಿನ ಲೀಗ್‌ಗಳಿಂದ ಎಷ್ಟು ಪಿಚರ್‌ಗಳನ್ನು ತಯಾರು ಮಾಡಿಕೊಂಡಿದೆ ಅನ್ನುವುದರ ಮೇಲೆ ನಿಲ್ಲುತ್ತದೆ.